ಎದ್ದು ಕೂತ ಬೇವಿನ ಬೊಡ್ಡೆ

ಬಿದ್ದ ಮರ ಎದ್ದು ಕೂತಿತ್ತು.

ಮೊದಲು ನೋಡಿದವರು ಚಾಮುಂಡಮ್ಮ. ಅಂದು ಆಷಾಢ ಶುಕ್ರವಾರ. ನಸುಕಿನಲ್ಲೇ ಹೊರಟಿದ್ದ ಬೀದಿಯ ಜನ ಬೆಟ್ಟದ ತಾಯಿಯ ದರ್ಶನ ಮುಗಿಸಿ, ಮಾತಾಡಿಕೊಂಡಿದ್ದ ಟೆಂಪೋದಲ್ಲೇ ಸರಸ್ವತಿಪುರಂಗೆ ವಾಪಸಾಗಿದ್ದರು. ಹಣೆಯಲ್ಲಿ ಬೆಟ್ಟದ ಕುಂಕುಮ, ಕೈಯಲ್ಲಿ ಪ್ರಸಾದದ ದೊನ್ನೆ. ಟೆಂಪೋದಿಂದ ಇಳಿದು ಬೀದಿಯ ಮೂಲೆ ಕಡೆ ತಿರುಗಿದ ಚಾಮುಂಡಮ್ಮ ಹಾಗೇ ನಿಂತರು. ದೊನ್ನೆ ಕೈಜಾರಿತು.

“ಅಯ್ಯೋ ನಮ್ಮವ್ವ... ಎದ್ಬುಟ್ಟವ್ಳೆ!”

ಹಿಂದೆ ಇಳಿದವರೂ ನೋಡಿದರು.

ಮೂಲೆಯ ಆ ಹಳೇ ಬೇವಿನಮರ ವಾರದ ಮೊದಲಲ್ಲಿ ಗಾಳಿಮಳೆಗೆ ಬೇರುಸಹಿತ ಉರುಳಿತ್ತು. ಕಾಂಡ ಪಡುವಣಕ್ಕೆ ಮಲಗಿ, ನಿವಾಸಿಗಳ ಸಂಘದ ಅಧ್ಯಕ್ಷ ವಿಜಯ್‌ಕುಮಾರ್ ಅವರ ಮನೆ ಗೇಟಿಗೆ ಅಡ್ಡವಾಗಿತ್ತು. ಮೂಡಣದ ಬೇರುಗಳು ಮಣ್ಣಿನ ಹೆಂಟೆಯನ್ನೂ ಹೊತ್ತುಕೊಂಡು ಆಳೆತ್ತರದ ಗೋಡೆಯ ಹಾಗೆ ಮೇಲೆದ್ದಿದ್ದವು. ಅವುಗಳಡಿ ಬಾಯ್ತೆರೆದ ಗುಂಡಿ. ಗುಂಡಿಯ ತಳದಲ್ಲಿ ಮಳೆನೀರಿನ ಕೆಸರು. ಮರದ ಜೊತೆ ವಿದ್ಯುತ್ ಕಂಬವೂ ಮುರಿದು ಆ ಸಾಲಿನ ಮನೆಗಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕಾರ್ಪೊರೇಷನ್‌ನವರು ಬಂದು ರಸ್ತೆಗೆ ಚಾಚಿದ್ದ ಕೊಂಬೆಗಳನ್ನಷ್ಟೇ ಸವರಿ ಹೋಗಿದ್ದರು.

ಈಗ ಆ ಬೇರಿನ ಗೋಡೆ ಇಲ್ಲ. ಗುಂಡಿಯೂ ಇಲ್ಲ. ಕಾಂಡವನ್ನು ಯಾರೋ ಕುಯ್ದಿದ್ದಾರೆ. ಉಳಿದ ಬೊಡ್ಡೆ, ಸೊಂಟದೆತ್ತರದ್ದು, ಎಂದೂ ಬಿದ್ದೇ ಇರಲಿಲ್ಲವೆಂಬಂತೆ ತನ್ನ ಜಾಗದಲ್ಲಿ ನೆಟ್ಟಗೆ ಕೂತಿದೆ!

ಯಾರೋ ಹತ್ತಿರ ಹೋಗಿ ಬಗ್ಗಿ ನೋಡಿದರು.

“ಕುಂಕುಮ! ಇಲ್ಲಿ ನೋಡಿ, ಕುಯ್ದ ಮೈ ಮೇಲೆಲ್ಲ ಕುಂಕುಮ! ಅಮ್ಮ ಕುಂಕುಮ ಇಟ್ಕೊಂಡು ಎದ್ದವಳೆ ಕಣ್ರೀ!”

ಹೌದು, ಬೊಡ್ಡೆಯ ಮೇಲ್ಮೈಯಲ್ಲಿ ಕೆಂಪು ಹನಿಗಳು ಚೆಲ್ಲಿದ್ದವು. ಹೆಂಗಸರು ಬೆರಳಲ್ಲಿ ಒರೆಸಿ ಹಣೆಗೆ ಇಟ್ಟುಕೊಂಡರು. ಗಂಡಸರು ಚಪ್ಪಲಿ ಬಿಟ್ಟು ಕೈಮುಗಿದರು. ಬೆಟ್ಟದಿಂದ ತಂದಿದ್ದ ಹೂವೆಲ್ಲ ಬೊಡ್ಡೆಯ ಮೇಲೆ ಬಿತ್ತು.

ಅದು ಬರೀ ಬೇವಿನಮರವಾಗಿರಲಿಲ್ಲ. ಅದರ ಬುಡದಲ್ಲಿ ಮಾರಮ್ಮನ ಪುಟ್ಟ ಗೂಡು ಇತ್ತು. ಗೂಡಿನ ಪಕ್ಕದಲ್ಲಿ ಕೂತು ಹೂ ಮಾರುತ್ತ, ಹೊತ್ತಿಗೆ ಸರಿಯಾಗಿ ಅಮ್ಮನಿಗೆ ದೀಪ ಹಚ್ಚುತ್ತ ಬಂದವರು ಚಾಮುಂಡಮ್ಮ. ಮರ ಬಿದ್ದಾಗ ಗೂಡು ನುಚ್ಚುನೂರಾಯಿತು. ಅಮ್ಮನ ಬೆಳ್ಳಿಯ ಮುಖವಾಡ ಮಾತ್ರ ಉಳಿಯಿತು. ಬರುವ ಮಂಗಳವಾರ ಅಮ್ಮನನ್ನು ಕಳಶಕ್ಕೆ ಕರೆದು, ಆಮೇಲೆಯೇ ಮರಕ್ಕೆ ಗರಗಸ ಮುಟ್ಟಿಸುವುದು ಎಂದು ಬೀದಿಯವರೆಲ್ಲ ಕೂತು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಮುಖವಾಡ ತಮ್ಮ ಮನೆಯಲ್ಲಿರುತ್ತದೆ ಎಂದಿದ್ದರು ಚಾಮುಂಡಮ್ಮ. ಮಂಗಳವಾರ ಕಳೆಯುವ ತನಕ ಬರಬೇಡಿ ಎಂದು ಕಾರ್ಪೊರೇಷನ್‌ಗೆ ಫೋನ್ ಮಾಡಿ ಹೇಳಿದ್ದವರು ಸ್ವತಃ ವಿಜಯ್‌ಕುಮಾರ್.

ಆ ವಿಜಯ್‌ಕುಮಾರ್ ಈಗ ಮುಂದೆ ಬಂದರು.

“ಕಾರ್ಪೊರೇಷನ್‌ನವರೇ ಬಂದಿರ್ಬೇಕು. ಜೆಸಿಬಿ ತಂದು ಎತ್ತಿ ನಿಲ್ಲಿಸಿದಾರೆ, ಅಷ್ಟೆ. ಆಗಿದ್ದು ಆಗೋಯ್ತು ಬಿಡಿ. ಚಾಮುಂಡಮ್ಮ, ಮುಖವಾಡ ತನ್ನಿ. ಮಂಗಳವಾರದವರೆಗೂ ಯಾಕೆ, ಇವತ್ತೇ ಒಂದು ಶಾಂತಿ ಮಾಡಿಸಿಬಿಡೋಣ.”

ಚಾಮುಂಡಮ್ಮ ಅಲುಗಲಿಲ್ಲ.

“ನಿಮಗೇ ಹೇಳ್ತಿರೋದು ಕಣಮ್ಮ. ಮುಖವಾಡ.”

“ಇಲ್ಲ.”

“ಇಲ್ಲ ಅಂದ್ರೆ?”

“ಮನೇಲಿಲ್ಲ.”

“ಮನೇಲಿಲ್ದೆ ಮತ್ತೆಲ್ಲಿದೆ? ಮನೇಲಿಟ್ಟಿದೀನಿ ಅಂತ ನೀವೇ ಹೇಳಿದ್ರಲ್ಲ?”

“ಅಮ್ಮನತ್ರಾನೇ ಇದೆ.”

ಗುಂಪಿನಲ್ಲಿ ಗುಸುಗುಸು ಎದ್ದಿತು. ಇಬ್ಬರು ಹೆಂಗಸರು ಚಾಮುಂಡಮ್ಮನ ಮನೆಗೇ ಹೋದರು. ಅವರು ತಡೆಯಲಿಲ್ಲ, ತಾವೇ ಬೀಗದಕೈ ಕೊಟ್ಟರು. ಮುಖವಾಡ ಸಿಗಲಿಲ್ಲ.

ವಿಜಯ್‌ಕುಮಾರ್ ಚಾಮುಂಡಮ್ಮನ ಕಡೆ ತಿರುಗಿದರು. “ಸಂಜೆವರೆಗೂ ನೋಡ್ತೀನಿ. ಆಮೇಲೆ ಸ್ಟೇಷನ್‌ಗೆ ಹೋಗೋದೇ. ಇಷ್ಟು ವರ್ಷ ಅಮ್ಮನ ಹೆಸರಲ್ಲಿ ಈ ಮೂಲೇಲಿ ಕೂತಿದ್ರಿ. ಕಳ್ಳತನದ ಮಾತು ಬಂದ ಮೇಲೆ ಇನ್ನಿಲ್ಲಿ ಕೂರಕ್ಕಾಗಲ್ಲ.”

ಟೆಂಪೋದಿಂದ ಎಲ್ಲರಿಗಿಂತ ಕೊನೆಗೆ, ಮಂಡಿ ಹಿಡಿದುಕೊಂಡು ಇಳಿದವರು ಬಸವಮ್ಮ. ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿದ್ದು ನಿವೃತ್ತರಾದವರು. ಈಗ ಬೆಳಗ್ಗೆ ಜಪ, ಮಧ್ಯಾಹ್ನ ಪುರಾಣಶ್ರವಣ. ನಡುವೆ ಬೀದಿಯ ಜಗಳಗಳ ತೀರ್ಮಾನ. ಅವರು ನಿಧಾನಕ್ಕೆ ಬಂದು ಬೊಡ್ಡೆಗೆ ಕೈಮುಗಿದರು. ಎಲ್ಲರಂತೆ ಒಂದು ಹನಿ ಕೆಂಪನ್ನು ಬೆರಳಿಗೆ ತಗೊಂಡು ಹಣೆಗಿಟ್ಟರು. ಆಮೇಲೆ ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿದರು. ಬೆರಳು ನೋಡಿಕೊಂಡರು. ಇನ್ನಷ್ಟು ಕೆರೆದು ಸೆರಗಿನ ತುದಿಗೆ ಗಂಟುಹಾಕಿಕೊಂಡರು.

“ಶಿವ ಶಿವಾ” ಅಂದರು. ಅಷ್ಟೇ.

ಆಮೇಲೆ ಬೊಡ್ಡೆಯ ಸುತ್ತ ಪ್ರದಕ್ಷಿಣೆ ಬರುವವರ ಹಾಗೆ ಹೊರಟರು. ಕಣ್ಣು ಮಾತ್ರ ನೆಲದ ಮೇಲೆ. ಮೂಡಣದ ಕಡೆ, ಬೊಡ್ಡೆಯಿಂದ ಸ್ವಲ್ಪ ಆಚೆ, ಬರೀ ನೆಲದ ಮೇಲೆ ಒಂದು ಮೊಳ ಕನಕಾಂಬರ ಬಿದ್ದಿತ್ತು. ಉಳಿದೆಲ್ಲರ ಹೂವು ಬೊಡ್ಡೆಯ ಮೇಲಿದ್ದರೆ ಇದೊಂದು ಇಲ್ಲಿ! ಬಿದ್ದಿದ್ದಲ್ಲ, ಸುತ್ತಿ ಇಟ್ಟಿದ್ದು. ಪಡುವಣದ ಕಡೆ, ಬೊಡ್ಡೆಯಿಂದ ಒಂದು ಮಾರು ದೂರದಲ್ಲಿ, ಗರಗಸದ ಹುಡಿ ಗುಪ್ಪೆಯಾಗಿತ್ತು. ಬೊಡ್ಡೆಯ ಬುಡದಲ್ಲಿ ಒಂದು ಚಿಟಿಕೆ ಹುಡಿಯೂ ಇಲ್ಲ.

“ಅಧ್ಯಕ್ಷರೇ, ಜೆಸಿಬಿ ಅಂದ್ರಲ್ಲ?”

“ಮತ್ತಿನ್ನೇನು ಬಸವಮ್ಮನವರೇ? ಅಷ್ಟು ದೊಡ್ಡ ಬೊಡ್ಡೆನ ಕೈಯಲ್ಲಿ ಎತ್ತಕ್ಕಾಗುತ್ತಾ?”

“ನಿನ್ನೆಯೆಲ್ಲ ಮಳೆ. ನೆಲ ನೋಡಿ, ನಮ್ಮ ಹೆಜ್ಜೆಗಳೇ ಇಷ್ಟು ಇಳಿದಿವೆ. ಜೆಸಿಬಿ ಚಕ್ರದ ಗುರುತು ಎಲ್ಲಿ?”

ವಿಜಯ್‌ಕುಮಾರ್ ನೆಲ ನೋಡಿದರು.

“ಒಂದು ಫೋನ್ ಮಾಡಿ ಕೇಳಿ.”

ಅವರು ಫೋನ್ ಮಾಡುವುದರೊಳಗೆ ಗುಂಪಿನಲ್ಲೊಬ್ಬರು ಮಾಡಿಯೇಬಿಟ್ಟಿದ್ದರು. ಈ ಬೀದಿಗೆ ಯಾರನ್ನೂ ಕಳಿಸಿಲ್ಲ ಎಂಬ ಉತ್ತರ ಬಂತು.

“ಹಾಗಿದ್ರೆ ಸಣ್ಣಮಾದಯ್ಯನೇ!” ಎಂದಿತು ಗುಂಪು.

ಸಣ್ಣಮಾದಯ್ಯ ರಾಜೀವನಗರದವರು. ಮರ ಕುಯ್ಯುವ ಕೆಲಸ. ಮಂಗಳವಾರ ಆದಮೇಲೆ ಈ ಮರವನ್ನೂ ಬೊಡ್ಡೆಯನ್ನೂ ತೆಗೆಯಬೇಕಾಗಿದ್ದವರು ಅವರೇ. ಸುದ್ದಿ ಕೇಳಿ ಮೊಪೆಡ್‌ನಲ್ಲಿ ಓಡಿಬಂದವರು, ಗುಂಪು ಬೈಯುತ್ತಿರುವುದನ್ನು ಕೇಳಿಸಿಕೊಳ್ಳುವ ಮುಂಚೆಯೇ ಬೊಡ್ಡೆಯ ಮುಂದೆ ಉದ್ದಂಡ ಬಿದ್ದರು.

“ಏಳಪ್ಪ, ಏಳು” ಅಂದರು ಬಸವಮ್ಮ. “ನೀನು ಕುಯ್ದ್ಯಾ?”

“ನಾನಾ? ಅಮ್ಮಾವ್ರೆ, ಕೇಳಿ ಇಲ್ಲಿ. ಮಾರಮ್ಮನ ಮರಕ್ಕೆ ಅಪ್ಪಣೆ ಇಲ್ದೆ ಮಿಷಿನ್ ಇಕ್ಕೋಕೆ ನನಗೇನು ಎರಡು ತಲೆ ಅವಾ? ಮಂಗಳವಾರ ಆಗ್ಲಿ ಅಂತ ನಾನೇ ಅಲ್ವಾ ಅಂದಿದ್ದು!”

“ಬೆಳಗ್ಗೆ ಎಲ್ಲಿದ್ದೆ?”

“ಈ ಗಾಳೀಲಿ ಊರು ತುಂಬ ಮರ ಬಿದ್ದವೆ. ಒಂದು ಸ್ಕೂಲ್ ಕಾಂಪೌಂಡಲ್ಲಿ ಮರ ಕುಯ್ತಿದ್ದೆ. ಬೇಕಾದ್ರೆ ಆ ಎಡ್‌ಮಾಸ್ಟ್ರನ್ನೇ ಕೇಳಿ.”

“ಇರ್ಲಿ. ನೀನಾಗಿದ್ರೆ ಇದನ್ನ ಎಲ್ಲಿಂದ ಕುಯ್ಯೋಕೆ ಶುರು ಮಾಡ್ತಿದ್ದೆ?”

“ತುದಿಯಿಂದ. ತುಂಡು ಮಾಡ್ಕೊಂಡು ಮಾಡ್ಕೊಂಡು ಬುಡಕ್ಕೆ ಬರೋದು.”

“ಇಲ್ಲಿ ಎಲ್ಲೆಲ್ಲಿ ಕುಯ್ದಿದಾರೆ?”

ಸಣ್ಣಮಾದಯ್ಯ ಎದ್ದು ನೋಡಿದರು. ಕಾಂಡದ ಬಹುಭಾಗ ರಸ್ತೆಯಂಚಿಗೆ ಬಿದ್ದಲ್ಲೇ ಬಿದ್ದಿತ್ತು. ಗೇಟಿಗೆ ಅಡ್ಡವಾಗಿದ್ದ ತುಂಡೊಂದು ಮಾತ್ರ ಬೇರೆಯಾಗಿ ಚರಂಡಿಯ ಕಡೆ ಉರುಳಿತ್ತು.

“ಬುಡದ ಮಗ್ಗುಲಲ್ಲಿ ಒಂದು. ಗೇಟಿನಾಚೆ ಒಂದು. ಎರಡೇ ಕಣಮ್ಮಾವ್ರೆ. ಇದೆಂಥ ಕುಯ್ತ?”

“ಸೌದೆ ಏನಾದ್ರೂ ಹೋಗಿದ್ಯಾ?”

“ಊಂಹೂಂ. ಎಲ್ಲ ಇಲ್ಲೇ ಅದೆ.”

ಬಸವಮ್ಮ ತಲೆಯಾಡಿಸಿದರು. ಹೊತ್ತು ಏರುತ್ತಿತ್ತು. ಜನ ಒಬ್ಬೊಬ್ಬರೇ ಮನೆಗೆ ಹೋದರು. ಚಾಮುಂಡಮ್ಮ ಮಾತ್ರ ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಹೂವಿನ ಬುಟ್ಟಿ ಪಕ್ಕದಲ್ಲಿತ್ತು, ಯಾರೂ ಕೊಳ್ಳಲು ಬರಲಿಲ್ಲ. ನಿನ್ನೆಯವರೆಗೂ “ಚಾಮುಂಡಮ್ಮ, ಒಂದು ಮೊಳ” ಎಂದು ನಿಲ್ಲುತ್ತಿದ್ದವರು ಇವತ್ತು ರಸ್ತೆಯ ಆಚೆ ಬದಿಯಲ್ಲಿ ನಡೆದುಹೋದರು.

ಬಸವಮ್ಮ ಮೊದಲು ವಿಜಯ್‌ಕುಮಾರ್ ಮನೆಯ ಜಗುಲಿ ಹತ್ತಿದರು. ಅವರ ಮಗಳು ತನುಶ್ರೀ ತುಂಬಿದ ಬಸುರಿ, ಹೆರಿಗೆಗೆ ತವರಿಗೆ ಬಂದವಳು, ಕುರ್ಚಿಯಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

“ಹೇಗಿದ್ಯ ಮಗ?”

“ಸಾಕಾಗಿದೆ ಆಂಟಿ. ಫ್ಯಾನಿಲ್ಲ ಏನಿಲ್ಲ, ರಾತ್ರಿಯೆಲ್ಲ ಸೊಳ್ಳೆ. ಕರೆಂಟ್ ಒಂದು ಬಂದ್ರೆ ಕೈಮುಗೀತೀನಿ.”

“ಬೆಟ್ಟಕ್ಕೆ ನೀನು ಬರ್ಲಿಲ್ಲ. ಮನೇಲೇ ಇದ್ದೆ. ಗೇಟ್ ಮುಂದೇನೇ ಮರ ಕುಯ್ದಿದಾರೆ, ಸದ್ದು ಕೇಳಿಸ್ಲಿಲ್ವಾ?”

ತನುಶ್ರೀ ಒಳಗೆ ತಿರುಗಿ ನೋಡಿದಳು. ಬಾಗಿಲ ಹಿಂದೆ ಅವಳ ಅಪ್ಪ ನಿಂತಿದ್ದರು.

“ಅಡುಗೆಮನೇಲಿ ಚಟ್ನಿ ರುಬ್ತಿದ್ದೆ. ಮಿಕ್ಸಿ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ ಆಂಟಿ.”

“ಓಹೋ. ಏನು ಚಟ್ನಿ?”

“ಹುರಿಗಡ್ಲೆ.”

“ಚೆನ್ನಾಗಿರುತ್ತೆ” ಎಂದು ಬಸವಮ್ಮ ಎದ್ದರು. ಅಂಗಳದಲ್ಲಿ ಕಾರು ಗೇಟಿಗೆ ಮುಖ ಮಾಡಿ ನಿಂತಿತ್ತು. ಗಾಜಿನ ಮೇಲೆ ಒಂದು ಎಲೆಯೂ ಇಲ್ಲದಂತೆ ಒರೆಸಿದ್ದರು.

ಅಲ್ಲಿಂದ ಬಂದು ಅಂಗಡಿಯ ಮೆಟ್ಟಿಲ ಮೇಲೆ ಚಾಮುಂಡಮ್ಮನ ಪಕ್ಕ ಕೂತರು.

“ಚಾಮುಂಡಿ, ಮುಖವಾಡ ಎಲ್ಲಿ ಮಡಗಿದ್ದೆ?”

“ಮಡಗೋ ಜಾಗದಲ್ಲೇ ಮಡಗಿದ್ದೆ ಬಸಮ್ಮಕ್ಕ.”

“ಮನೇಲಿ ಅಂತ ಯಾಕೆ ಹೇಳ್ದೆ?”

“ಇಲ್ದಿದ್ರೆ ಬುಡ್ತಿದ್ರಾ ಈ ಜನ? ಅಧ್ಯಕ್ಷರು ಬೀರೂಲಿಕ್ಕಿ ಬೀಗ ಹಾಕ್ತೀನಿ ಅಂತ ಕೂತಿದ್ರು. ಅಮ್ಮನ್ನ ಯಾರಾದ್ರೂ ಬೀರೂಲಿಕ್ತಾರಾ?”

“ಕದ್ದವರು ಯಾರು ಅಂತ ಗೊತ್ತಾ?”

“ಕದ್ದವ್ರು ಯಾರೂ ಇಲ್ಲ ಬುಡಿ.”

“ಹಾಗಂತ ಎಲ್ಲರ ಮುಂದೆ ಹೇಳು. ಕಳ್ಳಿ ಅಂತಿದಾರೆ ನಿನ್ನ.”

“ಅನ್ಲಿ. ನಾನು ಬಾಯಿ ಬುಟ್ರೆ ಇವರು ಆರೆ ಗುದ್ಲಿ ತತ್ತಾರೆ. ಅದು ಬ್ಯಾಡ. ಪೊಲೀಸ್ನೋರು ಕರದ್ರೆ ಓಯ್ತೀನಿ.”

ಬಸವಮ್ಮ ಅವರ ಮುಖವನ್ನೇ ನೋಡಿದರು. ಹಾರೆ, ಗುದ್ದಲಿ? ಮುಖವಾಡದ ಮಾತಿಗೂ ಗುದ್ದಲಿಗೂ ಏನು ಸಂಬಂಧ? ಚಾಮುಂಡಮ್ಮನ ಕಣ್ಣು ಬೊಡ್ಡೆಯ ಮೇಲಿರಲಿಲ್ಲ. ಮೂಡಣದ ನೆಲದ ಮೇಲೆ, ಕನಕಾಂಬರ ಇದ್ದ ಕಡೆ ಇತ್ತು.

“ಮರ ಬಿದ್ದ ಮೇಲೂ ದಿನಾ ಬೆಳಗ್ಗೆ ದೀಪ ಹಚ್ತಿದ್ಯಲ್ಲ, ಎಲ್ಲಿ ಕೂತು ಹಚ್ತಿದ್ದೆ?”

ಚಾಮುಂಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆಯ್ತು. ಹೇಳಬೇಡ. ಮಾತು ಕೊಟ್ಟವರ ಹಾಗಿದ್ಯ, ನಾನು ಬಿಡಿಸಲ್ಲ” ಎಂದು ಬಸವಮ್ಮ ಎದ್ದರು.

ಇಳಿಹೊತ್ತಿಗೆ ಬೀದಿಯವರೆಲ್ಲ ಮತ್ತೆ ಮೂಲೆಯಲ್ಲಿ ಸೇರಿದರು. ವಿಜಯ್‌ಕುಮಾರ್ ಶರಟು ಬದಲಿಸಿ, ಸ್ಟೇಷನ್‌ಗೆ ಹೊರಡಲು ಸಿದ್ಧರಾಗಿಯೇ ಬಂದಿದ್ದರು.

“ಏನಂತಾರೆ ನಿಮ್ಮ ಚಾಮುಂಡಮ್ಮ?”

“ಅವಳು ಏನೂ ಅನ್ನಲ್ಲ. ನಾನು ಹೇಳ್ತೀನಿ, ಕೇಳಿ” ಎಂದರು ಬಸವಮ್ಮ. ಸೆರಗಿನ ಗಂಟು ಬಿಚ್ಚಿ ಅಂಗೈ ಮುಂದೆ ಹಿಡಿದರು. “ಇದೇನು?”

“ಅಮ್ಮನ ಕುಂಕುಮ.”

“ಕುಂಕುಮ ಉಜ್ಜಿದ್ರೆ ಬೆರಳು ಕೆಂಪಾಗ್ಬೇಕು. ಇದು ಉದುರ್ತಿದೆ. ಕೂದಲೆಳೆಯಂಥ ಬೇರು ಬೇರೆ ಇದೆ ಒಳಗೆ, ಕಣ್ಣು ಚೆನ್ನಾಗಿರೋರು ನೋಡಿ. ಇದು ಮಣ್ಣು. ಗುಂಡಿ ತಳದಲ್ಲಿದ್ದ ಕೆಮ್ಮಣ್ಣಿನ ಕೆಸರು. ಒಣಗಿದೆ.”

ಕೆಲವರು ಹಣೆ ಮುಟ್ಟಿಕೊಂಡರು.

“ನಾನೂ ಇಟ್ಕೊಂಡಿದೀನಿ, ಒರೆಸ್ಕೊಳಲ್ಲ. ಅಮ್ಮನ ಬುಡದ ಮಣ್ಣು ತಾನೆ? ಆದ್ರೆ ಒಂದು ಯೋಚನೆ ಮಾಡಿ. ನೆಲದ ಕೆಳಗಿದ್ದ ಕೆಸರು ಸೊಂಟದೆತ್ತರಕ್ಕೆ ಹಾರಿ, ಕುಯ್ದ ಮೈ ಮೇಲೆ ಹೇಗೆ ಬಿತ್ತು? ಕುಯ್ದ ಮೈ ಮೇಲಿದೆ ಅಂದ್ರೆ, ಮೊದಲು ಕುಯ್ದಿದಾರೆ. ಆಮೇಲೆ ಕೆಸರು ಹಾರಿದೆ. ಜೆಸಿಬಿ ನಿಧಾನಕ್ಕೆ ಎತ್ತಿ ಕೂರಿಸಿದ್ರೆ ಹೀಗೆ ಚಿಮ್ಮುತ್ತಾ?”

“ಹಂಗಾರೆ?” ಎಂದರು ಸಣ್ಣಮಾದಯ್ಯ.

“ಗರಗಸದ ಹುಡಿ ನೋಡು. ಮಾರು ದೂರದಲ್ಲಿದೆ. ಮರ ಮಲಗಿದ್ದಾಗಲೇ ಅಲ್ಲಿ ಕುಯ್ದಿದಾರೆ. ಕುಯ್ದು ಮುಗಿದ ಕ್ಷಣ ಬೊಡ್ಡೆ ತಾನಾಗೇ ಎದ್ದು ಕೂತಿದೆ.”

“ತಾನಾಗೇ?”

“ಹಳ್ಳೀಲಿ ಎತ್ತಿನ ಗಾಡಿ ನೋಡಿದ್ದೀಯಲ್ಲ? ಹಿಂದುಗಡೆ ಮಣ್ಣು ಹೇರಿದ್ದಾಗ ಎತ್ತು ಬಿಚ್ಚಿದ್ರೆ ಏನಾಗುತ್ತೆ?”

“ನೊಗ ಕಟ್ಟೋ ಮುಂದಿನ ಮೂಕಿ ಆಕಾಶಕ್ಕೆ ಏಳುತ್ತೆ! ಗಾಡಿ ಹಿಂದಕ್ಕೆ ಕುಕ್ಕರಿಸ್ತದೆ.”

“ಇಲ್ಲೂ ಅದೇ. ಬೇರಿಗೆ ಗಾಡಿಗಟ್ಟಲೆ ಮಣ್ಣು ಮೆತ್ತಿತ್ತು. ಅದನ್ನ ಎತ್ತಿಹಿಡಿದಿದ್ದು ಆಕಡೆ ಮಲಗಿದ್ದ ಕಾಂಡದ ಭಾರ. ಪಡುವಣದ ಬೇರು ಇನ್ನೂ ಕಿತ್ತಿರಲಿಲ್ಲ, ಬಗ್ಗಿತ್ತು. ಕಾಂಡ ಕಡಿದ್ರು, ಎತ್ತು ಬಿಚ್ಚಿದಹಾಗಾಯ್ತು. ಮಣ್ಣಿನ ಗೋಡೆ ಅಷ್ಟೂ ಧೊಪ್ಪಂತ ಗುಂಡಿಗೆ ಕೂತಿದೆ. ಕೆಸರು ಹಾರಿದೆ. ನೀನು ಯಾವಾಗ್ಲೂ ತುದಿಯಿಂದ ಕುಯ್ಯೋನು, ಬುಡಕ್ಕೆ ಬರೋ ಹೊತ್ತಿ‌ಗೆ ಭಾರ ಇಳಿದಿರುತ್ತೆ. ಅದಕ್ಕೆ ನೀನಿದನ್ನ ನೋಡಿಲ್ಲ.”

ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು, ಅಳುಮೋರೆಯಲ್ಲಿ: “ಹಾಗಿದ್ರೆ ಅಮ್ಮ ಎದ್ದಿದ್ದಲ್ವಾ ಅಕ್ಕ?”

“ಮಣ್ಣಿನ ಭಾರ ಯಾರದ್ದು? ಬೇರಿನ ಬಲ ಯಾರದ್ದು? ಅವಳು ಎಬ್ಬಿಸಲಿಲ್ಲ ಅಂತ ನಾನೆಲ್ಲಿ ಹೇಳ್ದೆ ತಾಯಿ? ನಾನು ಹುಡುಕ್ತಿರೋದು ಗರಗಸ ಇಡಿಸಿದವರನ್ನ.”

ವಿಜಯ್‌ಕುಮಾರ್ ಅಸಹನೆಯಿಂದ ಕೈಯಾಡಿಸಿದರು. “ಇದೆಲ್ಲ ಸರಿ. ಮುಖವಾಡಕ್ಕೂ ಇದಕ್ಕೂ ಏನು ಸಂಬಂಧ?”

“ಅದೇ ಹೇಳ್ತಿದೀನಿ. ಮುಖವಾಡ ಗುಂಡಿಯೊಳಗಿತ್ತು.”

ಚಾಮುಂಡಮ್ಮ ಮೆಟ್ಟಿಲಿನಿಂದ ಎದ್ದು ನಿಂತಿದ್ದರು.

“ಎಲ್ಲರೂ ಬೊಡ್ಡೆ ಮೇಲೆ ಹೂವಿಟ್ರು. ಚಾಮುಂಡಿ ಒಬ್ಬಳು ಮೂಡಣದ ನೆಲದ ಮೇಲೆ ಇಟ್ಟಳು. ಯಾಕೆ? ಅದರಡಿ ಅಮ್ಮ ಇದ್ದಾಳೆ ಅಂತ ಅವಳಿಗೊಬ್ಬಳಿಗೇ ಗೊತ್ತು. ಕಳಶಕ್ಕೆ ಕರೆಯೋ ತನಕ ಅಮ್ಮನ ಮುಖ ಅವಳ ಮಣ್ಣು ಬಿಟ್ಟು ಹೋಗಬಾರದು, ಅಲ್ವೇನೇ?”

ಚಾಮುಂಡಮ್ಮ ಅಳುತ್ತಲೇ ಅಂದರು: “ಗುಂಡಿ ಗೋಡೇಲಿ, ಬೇರಿನ ಸಂದೀಲಿ, ಗೂಡಿನಂಗೇ ಇತ್ತು ಬಸಮ್ಮಕ್ಕ. ಅಲ್ಲಿ ಮಡಗಿ ಕಲ್ಲು ಮುಚ್ಚಿದ್ದೆ. ಇವತ್ತು ನೋಡಿದ್ರೆ ಅಮ್ಮ ತಾನೇ ಬಾಗ್ಲು ಆಕ್ಕೊಂಡು ಕುಂತವ್ಳೆ! ಓಗಲ್ಲ ಅಂತ ಅವಳೇ ಅಂದ್ಮೇಲೆ, ಅಗೀರಿ ಅಂತ ನಾನು ಎಂಗೆ ಏಳ್ಲಿ? ಅದಕ್ಕೇ ಕಳ್ಳಿ ಅಂದ್ರೂ ಅನ್ನಿ ಅಂತ ಸುಮ್ಕಿದ್ದೆ.”

“ದಿನಾ ದೀಪ ಎಲ್ಲಿ ಹಚ್ತಿದ್ದೆ? ಈಗ ಹೇಳು.”

“ಗುಂಡಿಯೊಳಗೇ ಇಳದು ಅಚ್ತಿದ್ದೆ.”

“ಇವತ್ತು ಬೆಟ್ಟಕ್ಕೆ ಹೋಗದೆ ಇದ್ದಿದ್ರೆ?”

ಚಾಮುಂಡಮ್ಮ ಬೊಡ್ಡೆಯನ್ನೇ ನೋಡುತ್ತ ನಿಂತರು. ಗುಂಪಿನಲ್ಲಿ ಯಾರೋ “ಅಯ್ಯೋ ದೇವರೇ” ಅಂದದ್ದು ಕೇಳಿಸಿತು.

ವಿಜಯ್‌ಕುಮಾರ್ ಗೇಟಿನ ಕಂಬ ಹಿಡಿದುಕೊಂಡಿದ್ದರು.

ಬಸವಮ್ಮ ಅವರ ಕಡೆ ತಿರುಗಿದರು. ದನಿ ಏರಲಿಲ್ಲ.

“ಅಧ್ಯಕ್ಷರೇ, ಕಳ್ಳನಾಗಿದ್ರೆ ಸೌದೆ ಹೊತ್ಕೊಂಡು ಹೋಗ್ತಿದ್ದ. ಕೆಲಸ ಬಲ್ಲವನಾಗಿದ್ರೆ ತುದಿಯಿಂದ ಕುಯ್ತಿದ್ದ. ಇಲ್ಲಿ ಎರಡೇ ಕುಯ್ತ, ಒಂದು ಕಾರು ಆಚೆ ಬರೋಕೆ ಎಷ್ಟು ಬೇಕೋ ಅಷ್ಟೇ. ಗೇಟು ಯಾರದು?”

“ಅದು... ಯಾರು ಬೇಕಾದ್ರೂ...”

“ಮಂಗಳವಾರದವರೆಗೆ ಬರಬೇಡಿ ಅಂತ ಕಾರ್ಪೊರೇಷನ್‌ಗೆ ಹೇಳಿದ್ದು ನೀವು. ಮಾತು ಮೀರಿ ಬಂದಿದ್ರೆ ಮೊದಲು ಸಿಟ್ಟು ಬರಬೇಕಾಗಿದ್ದೂ ನಿಮಗೆ. ಹಾಲಿನವನು ತಡ ಮಾಡಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡೋ ಮನುಷ್ಯ ನೀವು. ಇವತ್ತು ‘ಆಗಿದ್ದು ಆಗೋಯ್ತು ಬಿಡಿ’ ಅಂದ್ರಿ. ಅಲ್ಲೇ ನನಗೆ ಅನುಮಾನ ಬಂತು. ಆಮೇಲೆ ಆ ಮಗು, ಪಾಪ, ಕರೆಂಟಿಲ್ಲದ ಮನೇಲಿ ಮಿಕ್ಸಿ ತಿರುಗಿಸಿ ಚಟ್ನಿ ರುಬ್ಬಿತು.”

ಜಗುಲಿಯ ಮೇಲೆ ತನುಶ್ರೀ ತಲೆ ತಗ್ಗಿಸಿದಳು. “ಅಪ್ಪಾ, ಹೇಳಿಬಿಡಿ ಇನ್ನ” ಅಂದಳು.

ವಿಜಯ್‌ಕುಮಾರ್ ಕಂಬಕ್ಕೆ ಒರಗಿಯೇ ಮಾತಾಡಿದರು. “ನಾನೇ. ನಾನೇ ಕುಯ್ಸಿದ್ದು. ಮಂಡಿ ಮೊಹಲ್ಲಾದ ಒಬ್ಬ ಬಡಗಿ ನಮ್ಮ ಕಿಟಕಿ ಕೆಲಸ ಮಾಡಿದ್ದ, ಅವನನ್ನ ಕರೆಸಿದೆ. ಎಲ್ಲರೂ ಬೆಟ್ಟಕ್ಕೆ ಹೋಗಿರ್ತಾರೆ, ಅಷ್ಟರಲ್ಲಿ ಗೇಟ್ ಬಿಡಿಸಿಕೊಡು ಅಂದಿದ್ದೆ. ಮುಗಿಸಿ ಫೋನ್ ಮಾಡಿ ‘ಸಾರ್, ಇನ್ಮೇಲೆ ನನ್ನ ಯಾವ ಕೆಲಸಕ್ಕೂ ಕರೀಬೇಡಿ’ ಅಂತ ಇಟ್ಟುಬಿಟ್ಟ. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಮಗಳಿಗೆ ಯಾವ ಹೊತ್ತಲ್ಲಾದ್ರೂ ನೋವು ಬರಬಹುದು. ಕಾರು ಒಳಗೆ ಸಿಕ್ಕಿಬಿದ್ದಿತ್ತು. ಮಳೇಲಿ ಆಟೋ ಸಿಗದೆ ಹೋದ್ರೆ?”

“ಹಾಗಂತ ಸಭೇಲಿ ಹೇಳಿದ್ರೆ ಬೇಡ ಅಂತಿದ್ವಾ?” ಎಂದರು ಒಬ್ಬರು. “ನಾವೇ ಉರುಳಿಸಿ ಕೊಡ್ತಿದ್ವಲ್ಲ!”

“ಹೇಗೆ ಹೇಳ್ಲಿ? ಬಸುರಿ ಇರೋ ಮನೆಯವರು ಮರಕ್ಕೆ ಕತ್ತಿ ಹಾಕಬಾರದು ಅಂತ ನನ್ನ ಹೆಂಡತಿನೇ ದಿನಾ ಅಂತಿದ್ಲು. ಅದೂ ಮಾರಮ್ಮನ ಮರ, ಪೂಜೆಗೆ ಮುಂಚೆ! ನಾಳೆ ಮಗುವಿಗೆ ಒಂದು ಶೀತ ಆದ್ರೂ ನೀವೆಲ್ಲ ಅದೇ ಆಡ್ಕೊಳ್ತಿದ್ರಿ.” ಅವರ ದನಿ ಇಳಿಯಿತು. “ನನಗೂ ಭಯ ಇತ್ತು. ಬೊಡ್ಡೆ ಎದ್ದಿದ್ದು ನೋಡಿದ ಮೇಲೆ ಬಡಗಿ ಯಾಕೆ ಹಾಗಂದ ಅಂತ ತಿಳೀತು. ಇವತ್ತೇ ಶಾಂತಿ ಆಗಿಬಿಡಲಿ ಅಂತ ಮುಖವಾಡ ಕೇಳಿದೆ. ಇಲ್ಲ ಅಂದ್ರು. ನಿಜವಾಗ್ಲೂ ಅವರೇ ತಗೊಂಡಿದಾರೆ ಅಂದ್ಕೊಂಡೆ.”

“ಅಂದ್ಕೊಂಡಿದ್ದು ತಪ್ಪಲ್ಲ” ಎಂದರು ಬಸವಮ್ಮ. “ಮನೇಲಿದೆ ಅಂತ ಅವಳೂ ಸುಳ್ಳು ಹೇಳಿದ್ಲು. ಆದ್ರೆ ಕುಯ್ಸಿದ್ದು ನಾನೇ ಅಂತ ನೀವು ಬೆಳಗ್ಗೆ ಒಂದು ಮಾತು ಅಂದಿದ್ರೆ, ಬೊಡ್ಡೆ ಹೇಗೆ ಎದ್ದಿತು ಅಂತ ಆಗಲೇ ತಿಳೀತಿತ್ತು. ನಿಮ್ಮ ಮನೆ ಮಾತು ಮುಚ್ಚಿಡೋಕೆ ಅವಳನ್ನ ಕಳ್ಳಿ ಮಾಡಿದ್ರಿ. ಇದರಲ್ಲಿ ಅಪರಾಧ ಅಂತ ಇದ್ರೆ ಅದು ಇದೊಂದೇ.”

ಆಮೇಲೆ ಚಾಮುಂಡಮ್ಮನ ಭುಜದ ಮೇಲೆ ಕೈಯಿಟ್ಟರು. “ಬೊಡ್ಡೆ ಅಲುಗಿಸಲ್ಲ. ಒಂದು ಬೇರೂ ಕಡಿಯಲ್ಲ. ಮಂಗಳವಾರ ಆದ್ಮೇಲೆ ಸಣ್ಣಮಾದಯ್ಯ ಸುತ್ತ ಬಿಡಿಸಿ, ಕ್ರಮವಾಗಿ ತೆಗೀತಾನೆ. ಇವತ್ತು ಮೂಡಣದಿಂದ ಓರೆಯಾಗಿ ಒಂದು ಬಿಲ ತೋಡಿದ್ರೆ ಸಾಕು. ನಿನ್ನ ತಲೆ ಮೇಲೆ ಕಳ್ಳಿ ಅನ್ನೋ ಮಾತು ಇಟ್ಟು ಒಳಗೆ ಕೂರ್ತಾಳೇನೇ ಅಮ್ಮ? ನಿನ್ನ ಬೆಟ್ಟ ಹತ್ತಿಸಿ ಉಳಿಸಿದೋಳು?”

ಚಾಮುಂಡಮ್ಮ ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿತ್ತು. ಕೊನೆಗೆ ತಲೆಯಾಡಿಸಿದರು.

ಸಣ್ಣಮಾದಯ್ಯ ಹಾರೆ ಎತ್ತಿಕೊಂಡರು. ಬಸವಮ್ಮ ತಡೆದರು.

“ನೀನಲ್ಲಪ್ಪ.”

ವಿಜಯ್‌ಕುಮಾರ್ ಅರ್ಥಮಾಡಿಕೊಂಡರು. ಶರಟಿನ ತೋಳು ಮಡಚಿ ಬಂದು ಹಾರೆ ಇಸಿದುಕೊಂಡರು.

“ಸಾರ್, ಹಂಗಲ್ಲ. ಅದೇನು ಪೆನ್ನಾ ಎರಡು ಬೆರಳಲ್ಲಿ ಹಿಡಿಯೋಕೆ? ಮುಷ್ಟಿ ಕಟ್ಟಿ ಹಿಡೀರಿ” ಎಂದರು ಸಣ್ಣಮಾದಯ್ಯ. ಬೆಳಗಿನಿಂದ ಮೊದಲ ಸಲ ಯಾರೋ ನಕ್ಕರು.

ಮಣ್ಣು ಸಡಿಲವಾಗಿತ್ತು. ತೊಡೆ ಗಾತ್ರದ ಬೇರೊಂದು ಸಿಕ್ಕಿತು. ಅದಕ್ಕೆ ಹಾರೆ ತಾಗಿಸದೆ, ಪಕ್ಕದಿಂದ ಕೈಯಲ್ಲೇ ಮಣ್ಣು ಬಗೆದರು. ಹೊಸ ಶರಟು ಕೆಂಪಾಯಿತು. ನೆಲಕ್ಕೆ ಬೋರಲು ಬಿದ್ದು, ಭುಜದವರೆಗೆ ತೋಳು ತೂರಿಸಿ ತಡಕಿದರು. ಮೊದಲು ಒಂದು ಕಲ್ಲು ಬಂತು. ಆಮೇಲೆ ಬೆಳ್ಳಿ ಮಿನುಗಿತು.

ಮುಖವಾಡದ ಒಂದು ಕೆನ್ನೆ ನೆಗ್ಗಿತ್ತು. ಕಣ್ಣು ಎರಡೂ ಹಾಗೇ ಇದ್ದವು.

ವಿಜಯ್‌ಕುಮಾರ್ ಮೊಣಕಾಲೂರಿಯೇ ಎರಡೂ ಕೈಯಲ್ಲಿ ಅದನ್ನು ಚಾಮುಂಡಮ್ಮನ ಕಡೆ ಚಾಚಿದರು. ಅವರು ಕೈ ನೀಡಲಿಲ್ಲ.

“ಮೊದ್ಲು ಮಾತಾಡಿ. ಬೆಳಗ್ಗೆ ಎಷ್ಟು ಗಟ್ಟಿಯಾಗಿ ಅಂದ್ರೋ ಅಷ್ಟೇ ಗಟ್ಟಿಯಾಗಿ ಅನ್ನಿ.”

ವಿಜಯ್‌ಕುಮಾರ್ ಬೀದಿಯ ಕಡೆ ನೋಡಿದರು. ಬಾಗಿಲುಗಳಲ್ಲಿ, ಜಗುಲಿಗಳಲ್ಲಿ ಜನ ನಿಂತಿದ್ದರು.

“ಚಾಮುಂಡಮ್ಮ ಕದ್ದಿಲ್ಲ” ಅಂದರು. ದನಿ ಸಾಲದೆನಿಸಿತೇನೋ, ಎದ್ದು ನಿಂತು ಮತ್ತೊಮ್ಮೆ ಕೂಗಿಯೇ ಹೇಳಿದರು: “ಚಾಮುಂಡಮ್ಮ ಕದ್ದಿಲ್ಲ! ತಪ್ಪು ನನ್ನದು.” ಆಮೇಲೆ ಮೆಲ್ಲಗೆ, ಅವರೊಬ್ಬರಿಗೇ ಕೇಳುವಂತೆ: “ಮಗಳಿಗೆ ಏನೂ ಆಗಲ್ಲ ತಾನೆ?”

ಚಾಮುಂಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೂವಿನ ಬುಟ್ಟಿಯಿಂದ ತಟ್ಟೆ ತೆಗೆದು, ತೋಡಿದ ಬಿಲದಿಂದ ಒಂದು ಹಿಡಿ ಮಣ್ಣು ಹಾಕಿ ಹರಡಿದರು. ಆಗ ಮುಖವಾಡ ಇಸಿದುಕೊಂಡು, ಸೆರಗಿನಿಂದ ಒರೆಸಿ, ಮಣ್ಣಿನ ಮೇಲೆ ಕೂರಿಸಿದರು. ತಟ್ಟೆಯನ್ನು ತಿರುಗಿ ವಿಜಯ್‌ಕುಮಾರ್ ಕೈಗೇ ಇಟ್ಟರು.

“ಮಂಗಳವಾರದ್ಗಂಟ ನಿಮ್ಮನೇಲಿರ್ಲಿ. ಬಸುರಿ ಮಗಳ ತಲೆದೆಸೇಲಿ ಮಡಗಿ, ದಿನಾ ದೀಪ ಅಚ್ಚಿ. ಬೆಳಗ್ಗೆ ಬಂದು ಹೂವ ನಾನೇ ಮುಡಿಸ್ತೀನಿ.” ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡರು. “ಕಳೆದುಗಿಳೆದೀರಾ ಮತ್ತೆ! ಸ್ಟೇಷನ್‌ಗೆ ಓಗೋಕೆ ನಾನಾದ್ರೆ ಸಂಜೆಗಂಟ ಕಾಯೋಳಲ್ಲ.”